ಸೈನಿಕರ ಹಳೆಯ ಬಾಕುಗಳು: ಸಂಗ್ರಹ ಮತ್ತು ಸಂರಕ್ಷಣೆ

ಹಳೆಯ ಆಯುಧವೊಂದು ಕೈಗೆ ಬಂದೊಡನೆ ನಮಗೆ ಮೊದಲು ಹೊಳೆಯುವ ಆಲೋಚನೆ ಯಾವುದು? ಅದನ್ನು ಚೆನ್ನಾಗಿ ಉಜ್ಜಿ, ತುಕ್ಕನ್ನು ತೆಗೆದು, ಥಳಥಳಿಸುವಂತೆ ಮಾಡಬೇಕೆಂಬುದೇ ಅಲ್ಲವೆ? ಮನೆಯ ಪಾತ್ರೆಗಳಿಗೆ ಈ ಕ್ರಮ ತಕ್ಕುದೇ. ಆದರೆ ಯುದ್ಧಕಾಲದ ಆಯುಧಗಳನ್ನು ಸಂಗ್ರಹಿಸುವವರು ಹೀಗೆ ಮಾಡಿದರೆ ಎಂಬತ್ತು ವರ್ಷಗಳ ಸಾಕ್ಷ್ಯವು ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ. ಒಮ್ಮೆ ಅಳಿದುದು ಮತ್ತೆ ದೊರೆಯದು. ಇದು ಹೇಗೆಂಬುದನ್ನು ಪ್ರಸಿದ್ಧವಾದ ಒಂದು ಬಾಕನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಮಾಡೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ ದೇಶವು ಕಮಾಂಡೋ ಎಂಬ ದಾಳಿಪಡೆಗಳನ್ನು ಕಟ್ಟಿತು. ಅವುಗಳ ಯೋಧರಿಗೆ ಸಮೀಪದ ಕಾದಾಟವನ್ನು ಕಲಿಸಿದವರಲ್ಲಿ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ ಮುಖ್ಯರು. ಇಬ್ಬರೂ ಅದಕ್ಕೆ ಮೊದಲು ಚೀನದ ಶಾಂಘೈ ನಗರದ ಪೋಲೀಸು ಪಡೆಯಲ್ಲಿದ್ದು ಅನುಭವ ಪಡೆದವರು. ಅದೇ ವರ್ಷದ ನವೆಂಬರಿನಲ್ಲಿ ಅವರು ವಿಲ್ಕಿನ್‌ಸನ್ ಸ್ವೋರ್ಡ್ ಸಂಸ್ಥೆಯವರೊಡನೆ ಸಮಾಲೋಚಿಸಿ, ಇಬ್ಬದಿಯೂ ಹರಿತವಾದ, ನೀಳವಾದ ಬಾಕೊಂದನ್ನು ರೂಪಿಸಿದರು. 1941ರ ಜನವರಿಯಲ್ಲಿ ಅದರ ತಯಾರಿಕೆ ಆರಂಭವಾಯಿತು. ಇಂದು ಅದು ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ಬಾಕಿನಲ್ಲಿ ಸಂಗ್ರಾಹಕರು ಮೂರು ಮಾದರಿಗಳನ್ನು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಅಲಗಿಗೂ ಹಿಡಿಗೂ ನಡುವಣ ಅಡ್ಡಪಟ್ಟಿ ಹಾವಿನಂತೆ ಬಳುಕಿದೆ. ಅಲಗಿನ ಬುಡದ ಚಪ್ಪಟೆಯಾದ ಭಾಗದಲ್ಲಿ ಅಕ್ಷರಗಳನ್ನು ಆಮ್ಲದಿಂದ ಕೊರೆದಿದೆ. ಎರಡನೆಯದರಲ್ಲಿ ಅಡ್ಡಪಟ್ಟಿ ನೇರವಾಯಿತು. ಈ ಎರಡರಲ್ಲಿಯೂ ಹಿಡಿ ಹಿತ್ತಾಳೆಯದು. ಕೈ ಜಾರದಂತೆ ಅದರ ಮೇಲೆ ಒಂದನ್ನೊಂದು ಹಾಯುವ ಸಣ್ಣ ಗೀರುಗಳಿವೆ. 1943ರ ಸುಮಾರಿಗೆ ಬಂದ ಮೂರನೆಯದರಲ್ಲಿ ಅಚ್ಚಿನಲ್ಲಿ ಎರಕಹೊಯ್ದ ಮಿಶ್ರಲೋಹದ ಹಿಡಿಯಿದ್ದು, ಸುತ್ತಲೂ ಬಳೆಗಳಂತಹ ಏಣುಗಳಿವೆ. ಹೀಗೆ, ಯುದ್ಧವು ಮುಂದುವರಿದಂತೆ ತಯಾರಿಕೆಯು ಸರಳವಾದುದನ್ನು ಈ ಮೂರು ಬಾಕುಗಳನ್ನು ಸಾಲಾಗಿಟ್ಟರೆ ಕಣ್ಣಾರೆ ಕಾಣಬಹುದು.

ಇನ್ನು ತುಕ್ಕಿನ ವಿಷಯ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿ ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಆಕ್ರಮಿಸುವುದರಿಂದ ಪದರಪದರವಾಗಿ ಬಿರಿಯುತ್ತದೆ. ಬಿರುಕುಗಳ ಮೂಲಕ ತೇವವು ಒಳಹೊಕ್ಕು ಮತ್ತಷ್ಟು ಲೋಹವನ್ನು ತಿನ್ನುತ್ತದೆ. ಬೆವರಿನಲ್ಲಿರುವ ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಆದರೆ ಉಕ್ಕಿನ ಮೇಲಿನ ಬಣ್ಣವೆಲ್ಲವೂ ತುಕ್ಕಲ್ಲ. ಇರುಳಿನ ದಾಳಿಯಲ್ಲಿ ಅಲಗು ಮಿನುಗಬಾರದೆಂದು ಈ ಬಾಕುಗಳಲ್ಲಿ ಹಲವನ್ನು ಕಾರ್ಖಾನೆಯಲ್ಲಿಯೇ ಕಪ್ಪಾಗಿಸಿದ್ದರು. ಉಪ್ಪುಕಾಗದದಿಂದ ಉಜ್ಜಿದರೆ ಮೊದಲು ಹೋಗುವುದು ಈ ಕಪ್ಪು. ಅನಂತರ ಮಾಸುವುವು ಆಳವಿಲ್ಲದ ಆ ಅಕ್ಷರಗಳು. ಯಂತ್ರದ ಸಾಣೆಗೆ ಹಿಡಿದರಂತೂ ಮತ್ತೊಂದು ಹಾನಿಯುಂಟು. ಘರ್ಷಣೆಯಿಂದ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ನೀಲಿಬಣ್ಣಕ್ಕೆ ತಿರುಗಿ, ಕಮ್ಮಾರನು ಕೊಟ್ಟ ಹದ ಕೆಟ್ಟು, ಮೆದುವಾಗುತ್ತದೆ.

ನಕಲಿ ವಸ್ತುಗಳನ್ನು ಬಯಲಿಗೆಳೆಯುವುದೂ ಈ ಮೇಲ್ಮೈಯೇ. ಹೊಸ ಬಾಕನ್ನು ಆಮ್ಲದಲ್ಲಿ ಅದ್ದಿ ಹಳೆಯದೆಂದು ಮಾರುವವರುಂಟು. ಆಮ್ಲವು ಸಾಮಾನ್ಯವಾಗಿ ಎಲ್ಲೆಡೆಯೂ ಒಂದೇ ಸಮನಾಗಿ ತಿನ್ನುತ್ತದೆ. ಬಳಕೆಯ ಸವೆತವಾದರೋ ಹಾಗಲ್ಲ: ಅಂಗೈ ತಗಲುವಲ್ಲಿ ಹೆಚ್ಚು, ಅಡ್ಡಪಟ್ಟಿಯ ಸಂದಿನಲ್ಲಿ ಕಡಿಮೆ, ಒರೆಗೆ ಉಜ್ಜುವ ಎಡೆಯಲ್ಲಿ ಒಂದು ಬಗೆ, ಉಳಿದೆಡೆ ಮತ್ತೊಂದು ಬಗೆ. ಎಕ್ಸ್-ಕಿರಣಗಳನ್ನು ಹಾಯಿಸಿ, ವಸ್ತುವು ಹೊರಸೂಸುವ ಪ್ರತಿಕಿರಣಗಳಿಂದ ಹಿಡಿಯಲ್ಲಿರುವ ತಾಮ್ರ, ಸತು ಮೊದಲಾದ ಧಾತುಗಳನ್ನು ಗುರುತಿಸುವ ಉಪಕರಣಗಳೂ ಇಂದು ಇವೆ. ಆದರೆ ಅವು ಲೋಹವನ್ನು ಹೇಳಬಲ್ಲವೇ ಹೊರತು ವರ್ಷವನ್ನು ಹೇಳಲಾರವು. ಉಜ್ಜಿ ಬೆಳಗಿಸಿದ ಬಾಕು ಅಸಲಿಯಾಗಿದ್ದರೂ ತನ್ನ ಪರವಾಗಿ ಸಾಕ್ಷಿ ನುಡಿಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಬಾಕನ್ನು ತೊಗಲಿನ ಒರೆಯಿಂದ ಹೊರಗಿಡಬೇಕು; ತೊಗಲು ತೇವವನ್ನು ಹೀರುತ್ತದೆ, ಅದನ್ನು ಹದಮಾಡಿದ ರಾಸಾಯನಿಕಗಳ ಶೇಷವು ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಗೆ ಹಸಿರು ಕಿಲುಬನ್ನೂ ತರುತ್ತದೆ. ಒರೆಯನ್ನು ಎಸೆಯದೆ ಪಕ್ಕದಲ್ಲಿ ಕಾಪಾಡಬೇಕು. ಬರಿಗೈಯಿಂದ ಅಲಗನ್ನು ಮುಟ್ಟಬಾರದು. ಸಡಿಲವಾದ ಕೆಂಪು ಪುಡಿಯನ್ನು ಮಾತ್ರ ಮೃದುವಾದ ಬಟ್ಟೆಯಿಂದ ಒರೆಸಿ, ಹೊಲಿಗೆಯಂತ್ರಕ್ಕೆ ಹಾಕುವಂತಹ ಖನಿಜತೈಲವನ್ನು ಅಲಗಿಗೆ ತೆಳುವಾಗಿ ಸವರಬೇಕು. ಅಡುಗೆಯ ಎಣ್ಣೆ ಕೂಡದು. ಅದು ಕಾಲಕ್ರಮದಲ್ಲಿ ಕೆಟ್ಟು ಆಮ್ಲಗಳನ್ನುಂಟುಮಾಡುತ್ತದೆ.

ಇದನ್ನು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಬಾಕು ಬೇಕಿಲ್ಲ. ಬೆಳಗಿಸಿದ ಕಬ್ಬಿಣದ ತುಂಡೊಂದರ ಮೇಲೆ ಬೆವರಿದ ಬೆರಳನ್ನು ಒತ್ತಿ, ತೇವವಾದ ಸ್ಥಳದಲ್ಲಿ ಕೆಲವು ದಿನವಿಟ್ಟು ನೋಡಿರಿ: ಬೆರಳಿನ ಗುರುತು ತುಕ್ಕಿನಲ್ಲಿ ಮೂಡಬಹುದು. ಭಾರತದಲ್ಲಿ 1959ರ ಆಯುಧ ಅಧಿನಿಯಮವು ಹರಿತವಾದ ಆಯುಧಗಳಿಗೂ ಅನ್ವಯಿಸುವುದರಿಂದ, ಇಂತಹ ವಸ್ತುಗಳನ್ನು ಕೊಳ್ಳುವುದಕ್ಕಿಂತ ವಸ್ತುಸಂಗ್ರಹಾಲಯಗಳಲ್ಲಿ ನೋಡಿ ಅಭ್ಯಸಿಸುವುದೇ ಲೇಸು. ಅಲ್ಲಿಯ ಗಾಜಿನ ಪೆಟ್ಟಿಗೆಯಲ್ಲಿ ಮಾಸಿದ ಅಲಗೊಂದು ಕಂಡರೆ, ಅದನ್ನು ಉಜ್ಜದೆ ಬಿಟ್ಟುದು ಸೋಮಾರಿತನದಿಂದಲ್ಲವೆಂಬುದನ್ನು ನೆನೆಯಿರಿ. ಅದನ್ನು ಹಿಡಿದಿದ್ದ ಯೋಧನ ಹೆಸರು ನಮಗೆ ತಿಳಿಯದಿರಬಹುದು. ಅವನ ಕೈ ಸವೆಸಿದ ಗುರುತು ಇನ್ನೂ ಅಲ್ಲಿರಬಹುದು.