ನಿಮಗಾಗಿಯೇ ಹಾಡಿಕೊಳ್ಳಿ

ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ ಹಾಡುವುದನ್ನು ಬಿಟ್ಟವರು ನಮ್ಮಲ್ಲಿ ಎಷ್ಟೊಂದು ಜನ! ಓದು, ಮದುವೆ, ನೌಕರಿ ಅಂತ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಅದನ್ನು ಕೆಳಗಿಳಿಸಿ, ಕೆಟ್ಟಿದ್ದರೆ ಮೊಬೈಲಿನಲ್ಲೇ ತಂಬೂರಿ ಹಾಕಿಕೊಳ್ಳಿ.

ಮೊದಲ ದಿನವೇ ವರ್ಣಕ್ಕೆ ಕೈಹಾಕಬೇಡಿ. ಪುರಂದರದಾಸರು ಹಾಕಿಕೊಟ್ಟ ದಾರಿಯೆಂದು ನಾವು ನಂಬಿರುವ ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಶುರುಮಾಡಿ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು. ಚಿಕ್ಕಂದಿನಲ್ಲಿ ಗಡಿಬಿಡಿಯಿಂದ ಒಪ್ಪಿಸಿದ ಆ ಸ್ವರಗಳಲ್ಲಿ ಎಂಥ ಸೊಗಸಿದೆಯೆಂದು ಈಗ ತಿಳಿಯುತ್ತದೆ. ದನಿ ಇಳಿದಿದ್ದರೆ ಶ್ರುತಿಯನ್ನೂ ಅರ್ಧ ಮನೆ ಇಳಿಸಿ, ಅದರಲ್ಲಿ ಅವಮಾನವೇನಿಲ್ಲ.

ದಯವಿಟ್ಟು ರೆಕಾರ್ಡ್ ಮಾಡಿ ಯಾರಿಗೂ ಕಳಿಸಬೇಡಿ, ಕೆಲವು ತಿಂಗಳಾದರೂ. ಮೆಚ್ಚುಗೆ ಎಣಿಸತೊಡಗಿದರೆ ಅದು ಮತ್ತೆ ಪರೀಕ್ಷೆಯೇ ಆಗಿಬಿಡುತ್ತದೆ. ಇವತ್ತು ಸಂಜೆ ಹತ್ತು ನಿಮಿಷ ಕುಳಿತು ನೋಡಿ.