ಜಾತ್ರೆಗೆ ಹೊರಡುವ ಮುನ್ನ ಕಾಲುಗಳನ್ನು ನೋಡಿಕೊಳ್ಳಿರಿ



ಎತ್ತನ್ನು ದೂರದ ದಾರಿಗೆ ಹೊರಡಿಸುವ ರೈತನು ಮೊದಲು ಅದರ ಗೊರಸನ್ನು ನೋಡುವನು. ಲಾಳ ಸವೆದಿದ್ದರೆ ಹೊಸದನ್ನು ಕಟ್ಟಿಸುವನು. ಸೀಳು ಗೊರಸಾದುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ಲಾಳಗಳು ಬೇಕು. ಖರ್ಚಾಯಿತೆಂದು ಯಾರೂ ಹಿಂಜರಿಯುವುದಿಲ್ಲ. ಆದರೆ ಅದೇ ರೈತನು ಜಾತ್ರೆಗೆ ನಡೆದು ಹೊರಟಾಗ ತನ್ನ ಅಂಗಾಲನ್ನು ಒಮ್ಮೆಯೂ ತಿರುಗಿಸಿ ನೋಡುವುದಿಲ್ಲ. ಮೂರನೆಯ ದಿನ ಕುಂಟುತ್ತಾ, "ಜಾತ್ರೆ ಎಂದ ಮೇಲೆ ಕಾಲುನೋವು ಇದ್ದದ್ದೇ" ಎನ್ನುವನು. ಈ ಮಾತು ಸರಿಯಲ್ಲ. ಕಾಲುನೋವಿನ ಬಹುಭಾಗವನ್ನು ಮೊದಲೇ ತಡೆಯಬಹುದು.

ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಭಕ್ತರು ಅನೇಕ ದಿನಗಳ ಕಾಲ ನಡೆದು ಶ್ರೀಶೈಲವನ್ನು ಸೇರುವರು. ಶಿವರಾತ್ರಿಗೆ ಚಾರ್ಮಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋಗುವವರು ಬಹಳ ಮಂದಿ. ತಾಳಬೆಟ್ಟದಿಂದ ಮಲೆಮಹದೇಶ್ವರ ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಹತ್ತುವವರೂ ಉಂಟು. ಹೀಗೆ ದೂರ ಹೋಗದವರೂ ಊರ ತೇರಿನ ದಿನ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವರು. ಇವರೆಲ್ಲರಿಗೂ ಈ ಪಾಠ ಅನ್ವಯಿಸುವುದು.

ನೋವು ಏಕೆ ಬರುವುದು?

ನಮ್ಮ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಯಾಗಿವೆ. ಹಿಮ್ಮಡಿಯಿಂದ ಬೆರಳುಗಳವರೆಗೆ ಹಬ್ಬಿರುವ ಗಟ್ಟಿಯಾದ ಪಟ್ಟಿಯೊಂದು ಈ ಕಮಾನನ್ನು ಬಿಗಿಹಿಡಿದಿದೆ. ರೂಢಿಯಿಲ್ಲದೆ ಒಮ್ಮೆಲೇ ಬಹಳ ನಡೆದರೆ ಅಥವಾ ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಂತರೆ ಈ ಪಟ್ಟಿಗೆ ಪೆಟ್ಟಾಗುವುದು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಿದಂತಾದರೆ ಇದೇ ಕಾರಣವಿರುವುದು ಹೆಚ್ಚು.

ಇನ್ನೊಂದು ವಿಷಯ. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ಕೆಲಸ ಮಾಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುವು. ಅಲುಗಾಡದೆ ನಿಂತರೆ ಈ ಪಂಪು ನಿಲ್ಲುವುದು, ಪಾದ ಊದುವುದು. ಆದುದರಿಂದ ಸಾಲಿನಲ್ಲಿ ನಿಂತವರು ಆಗಾಗ ಹಿಮ್ಮಡಿಯನ್ನು ಎತ್ತಿ ಇಳಿಸುತ್ತಿರಬೇಕು.

ಹೊರಡುವ ಮೊದಲು

1. ಒಂದು ತಿಂಗಳು ಮುಂಚಿನಿಂದಲೇ ದಿನವೂ ನಡೆದು, ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ಹೊಸ ಹೋರಿಯನ್ನು ಮೊದಲ ದಿನವೇ ಇಡೀ ಹೊಲಕ್ಕೆ ಹೂಡುತ್ತೇವೆಯೇ?

2. ಹೊಸ ಪಾದರಕ್ಷೆಯನ್ನು ಜಾತ್ರೆಯ ದಿನ ಮೊದಲ ಬಾರಿಗೆ ಮೆಟ್ಟಬೇಡಿರಿ. ಸಂಜೆಗೆ ಪಾದ ಸ್ವಲ್ಪ ಹಿಗ್ಗಿರುವುದರಿಂದ ಸಂಜೆಯೇ ಅಳತೆ ನೋಡಿ ಕೊಳ್ಳಿರಿ. ಬೆರಳ ತುದಿಗೂ ಮುಂಭಾಗಕ್ಕೂ ನಡುವೆ ಸುಮಾರು 1 ಸೆಂಟಿಮೀಟರ್ ಬಿಡುವಿರಲಿ.

3. ಹಿಮ್ಮಡಿ ಒಡೆದಿದ್ದರೆ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿರಿ. ಬ್ಲೇಡಿನಿಂದ ಕೊಯ್ಯಬಾರದು.

ದಾರಿಯಲ್ಲಿ

ಬೆಳಗಿನ ತಂಪಿನಲ್ಲಿಯೂ ಸಂಜೆಯಲ್ಲಿಯೂ ನಡೆಯಿರಿ. ಗಂಟೆಗೊಮ್ಮೆ ಹತ್ತು ನಿಮಿಷ ಕುಳಿತು ಪಾದವನ್ನು ಗಾಳಿಗೆ ಒಡ್ಡಿರಿ. ಬೆವತ ಚರ್ಮ ಉಜ್ಜಿದರೆ ಬೊಕ್ಕೆ ಏಳುವುದು. ಆದುದರಿಂದ ಒದ್ದೆಯಾದ ಕಾಲುಚೀಲವನ್ನು ಬದಲಾಯಿಸಿರಿ. ಎಲ್ಲಿ ಉರಿ ಕಂಡಿತೋ ಅಲ್ಲಿಯೇ ನಿಂತು ಪಟ್ಟಿ ಹಚ್ಚಿರಿ. ಮುಂದಿನ ಊರಿನವರೆಗೆ ತಡೆಯಬೇಡಿರಿ.

ಬೊಕ್ಕೆಯನ್ನು ಮುಳ್ಳಿನಿಂದ ಒಡೆಯಬಾರದು. ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ಮುಚ್ಚಳ. ತಾನಾಗಿ ಒಡೆದರೆ ಸೋಪು ನೀರಿನಿಂದ ತೊಳೆದು ಶುಭ್ರವಾದ ಬಟ್ಟೆ ಕಟ್ಟಿರಿ. ಗಾಯಕ್ಕೆ ಸಗಣಿ, ಸುಣ್ಣ, ಹೊಗೆಸೊಪ್ಪು ಮೆತ್ತುವ ಪದ್ಧತಿಯನ್ನು ಬಿಡಬೇಕು. ಸಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾಯುವಿನ ರೋಗಾಣುಗಳಿರುವುವು. ಮೊಳೆ ಅಥವಾ ಮುಳ್ಳು ಆಳವಾಗಿ ಚುಚ್ಚಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ವಿಷಯ ಕೇಳಿರಿ. ಬಯಲು ಮಲವಿಸರ್ಜನೆಯಾದ ಜಾಗದಲ್ಲಿ ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳದ ಮರಿಗಳು ಚರ್ಮದ ಮೂಲಕವೇ ಒಳಸೇರುವುವು ಎಂಬುದನ್ನೂ ನೆನಪಿಡಿರಿ.

ರಾತ್ರಿ ತಂಗಿದಲ್ಲಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಗಂಟನ್ನು ಕಾಲಡಿಗೆ ಇಟ್ಟು ಕಾಲು ಗಂಟೆ ಮಲಗಿರಿ. ಕಾಲು ಎತ್ತರದಲ್ಲಿದ್ದರೆ ಊತ ಇಳಿಯುವುದು. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಅರ್ಧ ನಿಮಿಷ ನಿಂತರೆ ಮೀನಖಂಡ ಸಡಿಲವಾಗುವುದು. ಒಂದೊಂದು ಕಾಲಿಗೆ ಮೂರು ಸಲ ಹೀಗೆ ಮಾಡಿರಿ.

ಸಕ್ಕರೆ ಕಾಯಿಲೆಯವರಿಗೆ ವಿಶೇಷ ಎಚ್ಚರಿಕೆ

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶಜ್ಞಾನ ಕುಂದಬಹುದು. ಅಂಥವರಿಗೆ ಗುಡಿಯ ಅಂಗಳದ ಮಧ್ಯಾಹ್ನದ ಕಲ್ಲು ಸುಟ್ಟರೂ ತಿಳಿಯದು, ಚಪ್ಪಲಿಯೊಳಗೆ ಹರಳು ಕುಳಿತರೂ ತಿಳಿಯದು. ನೋವಿಲ್ಲವೆಂದು ಸುಮ್ಮನಿದ್ದ ಸಣ್ಣ ಗಾಯವೇ ನಂಜೇರಿ ಕಾಲನ್ನು ಕತ್ತರಿಸುವ ಸ್ಥಿತಿಗೆ ತರಬಹುದು. ಇವರು ಬರಿಗಾಲಲ್ಲಿ ನಡೆಯಲೇಬಾರದು, ಕಾಲನ್ನು ನೀರಿನಲ್ಲಿ ನೆನೆಸಲೂಬಾರದು. ಪ್ರತಿ ರಾತ್ರಿ ಕನ್ನಡಿ ಹಿಡಿದೋ ಮನೆಯವರಿಂದಲೋ ಅಂಗಾಲನ್ನು ನೋಡಿಸಿಕೊಳ್ಳಬೇಕು.

"ಬರಿಗಾಲ ಹರಕೆ ಹೊತ್ತಿದ್ದೇನೆ, ಏನು ಮಾಡಲಿ?" ಎಂದು ಕೇಳುವವರುಂಟು. ಭಕ್ತಿಗೆ ಅಡ್ಡಿ ಹೇಳುವ ಅಧಿಕಾರ ನಮಗಿಲ್ಲ. ಆದರೆ ಸಕ್ಕರೆ ಕಾಯಿಲೆಯವರು ದಾರಿಯಲ್ಲಿ ಅನ್ನ ನೀರು ಬಡಿಸುವಂಥ ಬೇರೆ ಸೇವೆಯಿಂದ ಹರಕೆ ತೀರಿಸಬಹುದೇ ಎಂದು ಮನೆಯ ಹಿರಿಯರೊಡನೆ ವಿಚಾರಿಸಲಿ.

ಮನೆಯಲ್ಲಿ ನಿಂತೇ ಇರುವವರು

ಹಬ್ಬದ ದಿನ ಹೆಚ್ಚು ಹೊತ್ತು ಕಾಲ ಮೇಲೆ ನಿಲ್ಲುವವರು ನಮ್ಮ ಹೆಣ್ಣುಮಕ್ಕಳು. ನೆಂಟರು ಬಂದ ಮನೆಯಲ್ಲಿ ಹೋಳಿಗೆ ಬೇಯಿಸುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಅವರಿಗೆ ಬಿಡುವಿಲ್ಲ. ಕಲ್ಲುಹಾಸಿನ ಮೇಲೆ ನಿಲ್ಲುವಲ್ಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಜಾರದಂತೆ ಹಾಸಿರಿ. ಹಿಟ್ಟು ನಾದುವುದು, ತರಕಾರಿ ಹೆಚ್ಚುವುದು ಕುಳಿತೇ ನಡೆಯಲಿ. ಬಡಿಸುವ ಕೆಲಸವನ್ನು ಗಂಡಸರು ವಹಿಸಿಕೊಂಡರೆ ಹಬ್ಬದ ಗೌರವವೇನೂ ಕಡಿಮೆಯಾಗದು.

ವೈದ್ಯರಲ್ಲಿಗೆ ಯಾವಾಗ?

ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಗಾಯದ ಸುತ್ತ ಕೆಂಪು ಹರಡಿ ಜ್ವರ ಬಂದರೆ, ಕಾಲೂರಲು ಆಗದಿದ್ದರೆ, ಸಕ್ಕರೆ ಕಾಯಿಲೆಯವರಿಗೆ ಬೊಕ್ಕೆ ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾ ನಡೆಯುವುದು ಅಪಾಯ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಕೆಡುಕು ಮಾಡುವುವು.

ನಿಮ್ಮ ಗಂಟಿನಲ್ಲಿ ಒಂದು ಸೋಪು, ಶುಭ್ರ ಬಟ್ಟೆ, ಗಾಯದ ಪಟ್ಟಿ, ಎರಡು ಜೊತೆ ಹತ್ತಿಯ ಕಾಲುಚೀಲ, ಸಣ್ಣ ಸೀಸೆ ಕೊಬ್ಬರಿ ಎಣ್ಣೆ, ಒಂದೆರಡು ಓ.ಆರ್.ಎಸ್. ಪೊಟ್ಟಣಗಳಿರಲಿ. ಯುಗಾದಿ ಕಳೆದರೆ ಅಶ್ವಿನಿ, ಭರಣಿ ಮಳೆಗಳು ದೂರವಿಲ್ಲ. ಹದವಾದ ನೆಲ ನಮ್ಮ ಗಾಯ ಮಾಯುವವರೆಗೆ ಕಾಯುವುದಿಲ್ಲ. ಜಾತ್ರೆಯಿಂದ ಮರಳಿ ಬಂದವರು ಮಾರನೆಯ ದಿನವೇ ಹೊಲಕ್ಕೆ ಇಳಿಯುವಂತಿರಬೇಕು.