ರಮ್ಮೋ, ವಿಸ್ಕಿಯೋ? ಬಣ್ಣ ಬಿಡಿ, ಲೇಬಲ್ ಓದಿ

ದಿಲ್ಲಿಯ ಚಳಿಗೆ ರಮ್ಮೇ ಸರಿ, ವಿಸ್ಕಿಯಿಂದ ಮೈ ಬಿಸಿಯಾಗುವುದಿಲ್ಲ ಎಂಬ ಮಾತನ್ನು ಡಿಸೆಂಬರಿನಲ್ಲಿ ಚಾಣಕ್ಯಪುರಿಯ ಕರ್ನಾಟಕ ಭವನಕ್ಕೆ ಬಂದಿಳಿದವರೂ ಕೇಳಿರುತ್ತಾರೆ. ನಂಬುವ ಮುನ್ನ ಬಾಟಲಿ ತಿರುಗಿಸಿ ಓದಿ.

ಮೊದಲು ನೋಡಬೇಕಾದ್ದು ಮೂಲವಸ್ತು. ರಮ್ ಕಬ್ಬಿನ ಕೂಸು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಭಟ್ಟಿ ಇಳಿಸುತ್ತಾರೆ. ಗಾಜಿಯಾಬಾದಿನ ಮೋಹನ್ ನಗರದೊಂದಿಗೆ ಹೆಸರು ಬೆಸೆದುಕೊಂಡ ಮೋಹನ್ ಮೀಕಿನ್ ಕಂಪನಿಯ ಓಲ್ಡ್ ಮಾಂಕ್ 1954ರಿಂದ ಇದೆ. ವಿಸ್ಕಿ ಧಾನ್ಯದ್ದು. ಬೆಂಗಳೂರಿನ ಅಮೃತ್ ಡಿಸ್ಟಿಲರಿ ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಆ ಧೈರ್ಯಕ್ಕೆ ಮೆಚ್ಚಲೇಬೇಕು. ಸ್ಕಾಟ್ಲೆಂಡಿನಲ್ಲಿ ಹದವಾಗಲು ಇಟ್ಟ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಮದ್ಯ ಆವಿಯಾದರೆ, ಬೆಂಗಳೂರಿನ ಬಿಸಿಲಿಗೆ ಶೇ 10ರಷ್ಟು ಹೋಗುತ್ತದೆ. ಅದೇ ಬಿಸಿಗೆ ಇಲ್ಲಿ ವಿಸ್ಕಿ ಬೇಗ ಹದವಾಗುತ್ತದೆ.

ತೊಡಕು ಇರುವುದು ಅಗ್ಗದ ವಿಸ್ಕಿಯಲ್ಲಿ. ನಮ್ಮಲ್ಲಿ ಎಷ್ಟೋ ‘ವಿಸ್ಕಿ’ಗಳು ಕಾಕಂಬಿಯ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ಬೆರೆಸಿದವು. ಯುರೋಪಿನಲ್ಲಿ ಅವನ್ನು ವಿಸ್ಕಿ ಎಂದು ಮಾರುವಂತಿಲ್ಲ. ಆದ್ದರಿಂದ ಲೇಬಲ್‌ನಲ್ಲಿ ಧಾನ್ಯದ ಗುರುತಾದ ‘ಸಿಂಗಲ್ ಮಾಲ್ಟ್’, ‘ಗ್ರೇನ್’ ಪದಗಳಿವೆಯೇ, ಬರಿಯ ‘ನ್ಯೂಟ್ರಲ್ ಸ್ಪಿರಿಟ್’ ಎಂದಷ್ಟೇ ಇದೆಯೇ ನೋಡಿ. ಬಣ್ಣ ನೋಡಿ ಮೋಸಹೋಗಬೇಡಿ; ಎರಡಕ್ಕೂ ಕ್ಯಾರಮೆಲ್ ಬೆರೆಸುವುದುಂಟು.

ಆಮೇಲೆ ಮೂಗಿನ ಕೆಲಸ. ಗ್ಲಾಸಿಗೆ ಸ್ವಲ್ಪವೇ ಸುರಿದು, ಒಂದು ಚಮಚ ನೀರು ಬೆರೆಸಿ, ಬಾಯಿ ತುಸು ತೆರೆದು ಆಘ್ರಾಣಿಸಿ. ಕಪ್ಪು ರಮ್ಮಿನಲ್ಲಿ ಬೆಲ್ಲದ ಪಾಕ, ವೆನಿಲ್ಲಾ ಮುಂದಾಗಿ ಬರುತ್ತವೆ. ಮಾಲ್ಟಿನಲ್ಲಿ ಹುರಿದ ಧಾನ್ಯ, ಮರ, ಕೆಲವದರಲ್ಲಿ ಹೊಗೆಯ ವಾಸನೆ. ಕೋಲಾ ಸುರಿದರೆ ಈ ವ್ಯತ್ಯಾಸವೆಲ್ಲ ಮುಚ್ಚಿಹೋಗುತ್ತದೆ.

ಕೊನೆಗೆ ಅಂಕಿ ನೋಡಿ. ನಮ್ಮ ದೇಶದ ರಮ್, ವಿಸ್ಕಿ ಬಾಟಲಿಗಳಲ್ಲಿ ಹೆಚ್ಚಿನವು ಶೇ 42.8 ಆಲ್ಕೋಹಾಲಿನವು. 60 ಎಂ.ಎಲ್. ಪೆಗ್ ಯಾವುದಾದರೂ ಹೊಟ್ಟೆಗೆ ಸೇರುವುದು ಸುಮಾರು 20 ಗ್ರಾಂ ಆಲ್ಕೋಹಾಲ್. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ನಿಜಕ್ಕೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಚಳಿಗೆ ರಮ್ ಕುಡಿದು ಸ್ವೆಟರ್ ತೆಗೆದಿಟ್ಟು ಹೊರಗೆ ಹೋಗುವುದು ಅಪಾಯ.

ದಿಲ್ಲಿಯಲ್ಲಿ ಮದ್ಯ ಕೊಳ್ಳಲು 25 ವರ್ಷ ತುಂಬಿರಬೇಕು. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಅಪರಾಧ. ರಮ್ಮಾಗಲಿ ವಿಸ್ಕಿಯಾಗಲಿ, ಕುಡಿದ ರಾತ್ರಿ ಕಾರಿನ ಕೀಲಿ ಮುಟ್ಟಬೇಡಿ, ಟ್ಯಾಕ್ಸಿ ಹಿಡಿಯಿರಿ.